ಸಣ್ಣ ವ್ಯಾಪಾರಕ್ಕೆ ಸೈಬರ್ ವಿಮೆ: ದುಡ್ಡು ಯಾವ ದಾರಿಯಲ್ಲಿ ಹೋದರೆ ಪಾಲಿಸಿ ಕೈ ಹಿಡಿಯುತ್ತದೆ?

ಪೀಣ್ಯದಲ್ಲಿ ನಾನು ಲೆಕ್ಕಪತ್ರ ನೋಡಿಕೊಳ್ಳುವ ಒಂದು ಸಣ್ಣ ವರ್ಕ್‌ಶಾಪ್ ಇದೆ. ಹದಿನಾಲ್ಕು ಜನ ಕೆಲಸಗಾರರು, ನಾಲ್ಕು ಸಿಎನ್‌ಸಿ ಮೆಷಿನ್, ಆಫೀಸ್ ಕೋಣೆಯಲ್ಲಿ ಎರಡು ಕಂಪ್ಯೂಟರ್. ಕೆಲವು ವರ್ಷಗಳ ಹಿಂದೆ ಒಂದು ಶುಕ್ರವಾರ ಮಧ್ಯಾಹ್ನ ಅಲ್ಲಿಗೆ ಒಂದು ಇಮೇಲ್ ಬಂತು. ಉಕ್ಕಿನ ರಾಡ್ ಕೊಡುವ ಸಪ್ಲೈಯರ್ ಹೆಸರಿನಲ್ಲಿತ್ತು. 'ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಬಾಕಿ ಹಣವನ್ನು ಈ ಹೊಸ ಖಾತೆಗೆ ಹಾಕಿ' ಎಂದು ಬರೆದಿತ್ತು. ಕೆಳಗೆ ಹಿಂದಿನ ಇಮೇಲ್‌ಗಳೆಲ್ಲಾ ಹಾಗೇ ಇದ್ದವು. ಇನ್‌ವಾಯ್ಸ್ ನಂಬರ್ ಸರಿ ಇತ್ತು, ಮೊತ್ತವೂ ಸರಿ ಇತ್ತು. ಅಕೌಂಟ್ಸ್ ಹುಡುಗಿ ಮಾಲೀಕರನ್ನು ಕೇಳಿಯೇ 6,40,000 ರೂಪಾಯಿ ಆರ್‌ಟಿಜಿಎಸ್ ಮಾಡಿದಳು. ಮಂಗಳವಾರ ನಿಜವಾದ ಸಪ್ಲೈಯರ್ ಫೋನ್ ಮಾಡಿ 'ಪೇಮೆಂಟ್ ಯಾವಾಗ ಸಾರ್?' ಎಂದಾಗಲೇ ವಿಷಯ ಗೊತ್ತಾಗಿದ್ದು.

ನಾವು ಆ ಇಮೇಲನ್ನು ಪರದೆ ಮೇಲೆ ದೊಡ್ಡದು ಮಾಡಿ ನೋಡಿದೆವು. ಸಪ್ಲೈಯರ್ ವಿಳಾಸದಲ್ಲಿ ಇಂಗ್ಲಿಷಿನ 'ಎಂ' ಇರಬೇಕಾದ ಜಾಗದಲ್ಲಿ 'ಆರ್' ಮತ್ತು 'ಎನ್' ಪಕ್ಕಪಕ್ಕ ಕೂತಿದ್ದವು. ಸಣ್ಣ ಅಕ್ಷರದಲ್ಲಿ ಬರೆದರೆ ಎರಡೂ ಒಂದೇ ಥರ ಕಾಣುತ್ತವೆ. ಆ ಹುಡುಗಿ ಅಳುತ್ತಾ ನಿಂತಿದ್ದಳು. ಅವಳನ್ನು ಬೈಯಲು ಯಾರಿಗೂ ಮನಸ್ಸು ಬರಲಿಲ್ಲ. ನಾನು ಆ ಕುರ್ಚಿಯಲ್ಲಿ ಕೂತಿದ್ದರೂ ಹಾಗೇ ಮಾಡುತ್ತಿದ್ದೆ.

ಮಾಲೀಕರ ಹತ್ತಿರ 50 ಲಕ್ಷದ ಸೈಬರ್ ಪಾಲಿಸಿ ಇತ್ತು. ಅದೇ ಧೈರ್ಯದಲ್ಲಿ ಕ್ಲೇಮ್ ಹಾಕಿದೆವು. ವಿಮಾ ಕಂಪನಿಯಿಂದ ಬಂದ ಉತ್ತರ ಇಷ್ಟೇ: ನಿಮ್ಮ ಕಂಪ್ಯೂಟರಿಗೆ ಯಾರೂ ನುಗ್ಗಿಲ್ಲ, ಹಣವನ್ನು ನಿಮ್ಮ ಸಿಬ್ಬಂದಿಯೇ ಕಳಿಸಿದ್ದಾರೆ, ಇಂಥ ಮೋಸಕ್ಕೆ ಪ್ರತ್ಯೇಕ ಕವರ್ ಇದೆ, ಅದನ್ನು ನೀವು ತೆಗೆದುಕೊಂಡಿಲ್ಲ. ಪಾಲಿಸಿ ತೆರೆದು ನೋಡಿದರೆ ಅವರು ಹೇಳಿದ್ದು ನಿಜ. ನಾವೆಲ್ಲಾ '50 ಲಕ್ಷ' ಎಂಬ ಅಂಕಿ ನೋಡಿ ಕಾಗದವನ್ನು ಫೈಲಿಗೆ ಸೇರಿಸಿಬಿಟ್ಟಿದ್ದೆವು.

ಆಮೇಲೆ ಹತ್ತಾರು ಪಾಲಿಸಿಗಳನ್ನು ಕೂತು ಓದಿದ್ದೇನೆ. ಓದುವಾಗ ಇಟ್ಟುಕೊಳ್ಳುವುದು ಒಂದೇ ಪ್ರಶ್ನೆ: ಈ ವ್ಯಾಪಾರದಲ್ಲಿ ದುಡ್ಡು ಯಾವ ದಾರಿಯಲ್ಲಿ ಹೋಗಬಹುದು, ಆ ದಾರಿ ಈ ಕಾಗದದಲ್ಲಿ ಇದೆಯಾ? ನೀವೂ ಅದೇ ಪ್ರಶ್ನೆ ಹಿಡಿದುಕೊಂಡು ಹೊರಡಿ.

ಹೆಜ್ಜೆ 1: ಏಜೆಂಟರಿಗೆ ಫೋನ್ ಮಾಡುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ

ನಿಮ್ಮ ವ್ಯಾಪಾರಕ್ಕೆ ಏನಾದರೆ ಪೆಟ್ಟು ಬೀಳುತ್ತದೆ ಎಂದು ಬರೆಯಿರಿ. ದೊಡ್ಡ ದೊಡ್ಡ ಪದ ಬೇಡ. 'ಟ್ಯಾಲಿ ಇರುವ ಕಂಪ್ಯೂಟರ್ ಲಾಕ್ ಆದರೆ', 'ಯಾರೋ ನಮ್ಮ ಇಮೇಲ್‌ಗೆ ನುಗ್ಗಿ ಗ್ರಾಹಕರಿಗೆ ಸುಳ್ಳು ಬಿಲ್ ಕಳಿಸಿದರೆ', 'ಕ್ಲಿನಿಕ್‌ನ ರೋಗಿಗಳ ರಿಪೋರ್ಟ್ ಹೊರಗೆ ಹೋದರೆ', 'ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್ ಕದ್ದರೆ'. ಹೀಗೆ.

ಒಂದೊಂದು ಸಾಲಿನ ಪಕ್ಕ ಅಂದಾಜು ಮೊತ್ತ ಹಾಕಿ. ನೀವು ಒಂದೇ ಸಲಕ್ಕೆ ಕಳಿಸುವ ಅತಿ ದೊಡ್ಡ ಪೇಮೆಂಟ್ ಎಷ್ಟು? ಬಿಲ್ಲಿಂಗ್ ನಿಂತರೆ ದಿನಕ್ಕೆ ಎಷ್ಟು ನಷ್ಟ? ಎಷ್ಟು ಜನ ಗ್ರಾಹಕರ ಫೋನ್ ನಂಬರ್, ಆಧಾರ್, ಪ್ಯಾನ್ ನಿಮ್ಮ ಹತ್ತಿರ ಇದೆ? ಜವಳಿ ಅಂಗಡಿಗೂ ಡಯಾಗ್ನೋಸ್ಟಿಕ್ ಲ್ಯಾಬಿಗೂ ಈ ಉತ್ತರಗಳು ಒಂದೇ ಇರುವುದಿಲ್ಲ. ಹಾಗಾಗಿ ಪಕ್ಕದ ಅಂಗಡಿಯವರು ತೆಗೆದುಕೊಂಡ ಪಾಲಿಸಿಯನ್ನೇ ನೀವೂ ತೆಗೆದುಕೊಂಡರೆ ಪ್ರಯೋಜನ ಕಡಿಮೆ.

ಹೆಜ್ಜೆ 2: ಪಾಲಿಸಿ ಯಾರ ಹೆಸರಲ್ಲಿದೆ ನೋಡಿ

ಇದು ಚಿಕ್ಕ ವಿಷಯ, ಆದರೆ ಇಲ್ಲೇ ತುಂಬಾ ಜನ ಎಡವುತ್ತಾರೆ. ಮಾರುಕಟ್ಟೆಯಲ್ಲಿ ಎರಡು ಥರದ ಸೈಬರ್ ವಿಮೆ ಇದೆ. ಒಂದು ವ್ಯಕ್ತಿಗಳಿಗೆ, ಇನ್ನೊಂದು ವ್ಯಾಪಾರಕ್ಕೆ. ವೈಯಕ್ತಿಕ ಪಾಲಿಸಿ ಅಗ್ಗ, ಮೊಬೈಲಿನಲ್ಲೇ ಹತ್ತು ನಿಮಿಷದಲ್ಲಿ ಸಿಗುತ್ತದೆ. ಅಂಗಡಿ ಮಾಲೀಕರು ಅದನ್ನೇ ಕೊಂಡು 'ನನಗೆ ಸೈಬರ್ ವಿಮೆ ಇದೆ' ಅಂದುಕೊಳ್ಳುತ್ತಾರೆ. ಇಂಥ ಪಾಲಿಸಿಗಳಲ್ಲಿ ವ್ಯಾಪಾರ, ವೃತ್ತಿಗೆ ಸಂಬಂಧಪಟ್ಟ ನಷ್ಟವನ್ನು ಸಾಮಾನ್ಯವಾಗಿ ಹೊರಗಿಟ್ಟಿರುತ್ತಾರೆ. ಕರೆಂಟ್ ಅಕೌಂಟಿನಿಂದ ಹೋದ ಹಣ ಅದರಲ್ಲಿ ಬರುವುದು ಕಷ್ಟ.

ಅಂಗಡಿಗೆ ಮಾಡಿಸಿದ ಬೆಂಕಿ ವಿಮೆಯೂ ಇಲ್ಲಿ ಸಹಾಯಕ್ಕೆ ಬರುವುದಿಲ್ಲ. ಕಂಪ್ಯೂಟರ್ ಸುಟ್ಟರೆ ಕಂಪ್ಯೂಟರಿನ ಬೆಲೆ ಸಿಗಬಹುದು. ಅದರೊಳಗಿನ ಐದು ವರ್ಷದ ಲೆಕ್ಕಕ್ಕೆ ಬೆಲೆ ಕಟ್ಟುವುದಿಲ್ಲ.

ಹೆಜ್ಜೆ 3: ಒಳಗೆ ಏನೇನಿದೆ ಎಂದು ಬಿಡಿಸಿ ನೋಡಿ

ವ್ಯಾಪಾರದ ಸೈಬರ್ ಪಾಲಿಸಿ ಅಂದರೆ ಹಲವು ಸಣ್ಣ ಕವರ್‌ಗಳ ಒಂದು ಕಟ್ಟು. ಅರ್ಧ ಭಾಗ ನಿಮ್ಮ ಸ್ವಂತ ನಷ್ಟಕ್ಕೆ, ಇನ್ನರ್ಧ ಬೇರೆಯವರು ನಿಮ್ಮ ಮೇಲೆ ಹಾಕುವ ಕೇಸು, ಕೇಳುವ ಪರಿಹಾರಕ್ಕೆ.

ಸ್ವಂತ ನಷ್ಟದಲ್ಲಿ ಮೊದಲು ಬರುವುದು ತನಿಖೆಯ ಖರ್ಚು. ದಾಳಿ ಹೇಗಾಯಿತು, ಏನು ಹೋಯಿತು ಎಂದು ಪತ್ತೆ ಮಾಡುವ ಫೊರೆನ್ಸಿಕ್ ತಜ್ಞರ ಫೀಸ್ ಇದು. ಸಣ್ಣ ವ್ಯಾಪಾರಿಗೆ ಇದೇ ಕೈ ಸುಡುವ ಖರ್ಚು, ನನ್ನ ಪ್ರಕಾರ ಪಾಲಿಸಿಯ ನಿಜವಾದ ಉಪಯೋಗವೂ ಇಲ್ಲೇ ಜಾಸ್ತಿ. ಆಪತ್ತಿನ ದಿನ ತಜ್ಞರನ್ನು ಹುಡುಕಿಕೊಂಡು ಅಲೆಯುವುದು ತಪ್ಪುತ್ತದೆ. ನಂತರ ಡೇಟಾ ಮರಳಿ ಕಟ್ಟುವ ಖರ್ಚು, ರ‍್ಯಾನ್ಸಮ್‌ವೇರ್ (ಕಂಪ್ಯೂಟರ್ ಲಾಕ್ ಮಾಡಿ ಹಣ ಕೇಳುವ ದಾಳಿ) ಬೆದರಿಕೆಯ ಖರ್ಚು, ಹಣದ ಕಳ್ಳತನ, ವ್ಯಾಪಾರ ನಿಂತ ನಷ್ಟ.

ಹಣದ ಕಳ್ಳತನ ಎಂಬ ಮಾತಿಗೆ ಎರಡು ದಾರಿ ಇದೆ. ಕಳ್ಳ ನಿಮ್ಮ ಸಿಸ್ಟಮ್‌ಗೆ ನುಗ್ಗಿ ತಾನೇ ಹಣ ಎತ್ತಿಕೊಂಡರೆ ಅದು ಒಂದು. ನಿಮ್ಮನ್ನು ನಂಬಿಸಿ ನಿಮ್ಮ ಕೈಯಿಂದಲೇ ಕಳಿಸಿಕೊಂಡರೆ ಅದು ಇನ್ನೊಂದು. ಎರಡನೆಯದಕ್ಕೆ ಪಾಲಿಸಿಗಳಲ್ಲಿ 'ಸೋಶಿಯಲ್ ಎಂಜಿನಿಯರಿಂಗ್' ಎಂಬ ಹೆಸರಿರುತ್ತದೆ. ಇದು ಹಲವು ಪಾಲಿಸಿಗಳಲ್ಲಿ ತಾನಾಗಿ ಬರುವುದಿಲ್ಲ, ಕೇಳಿ ಸೇರಿಸಿಕೊಳ್ಳಬೇಕು. ನಮ್ಮ ವರ್ಕ್‌ಶಾಪ್ ಕಳೆದುಕೊಂಡಿದ್ದು ಇದೇ ದಾರಿಯಲ್ಲಿ. ಸೇರಿಸಿಕೊಂಡರೂ ಅದರ ಕೆಳಗಿನ ಷರತ್ತು ಓದಿ. ಖಾತೆ ಬದಲಾಗಿದೆ ಎಂಬ ಪತ್ರ ಬಂದರೆ, ನಿಮ್ಮ ಹತ್ತಿರ ಮೊದಲೇ ಇದ್ದ ಫೋನ್ ನಂಬರಿಗೆ ಕರೆ ಮಾಡಿ ಖಚಿತ ಮಾಡಿಕೊಂಡಿರಬೇಕು ಎಂದು ಅನೇಕ ಪಾಲಿಸಿಗಳು ಹೇಳುತ್ತವೆ. ಕರೆ ಮಾಡದೆ ಕಳಿಸಿದರೆ ಕವರ್ ಇದ್ದೂ ಇಲ್ಲದ ಹಾಗೆ. ಕರೆ ಮಾಡಿದ ದಿನ, ಸಮಯ, ಮಾತಾಡಿದವರ ಹೆಸರನ್ನು ಒಂದು ಪುಸ್ತಕದಲ್ಲಿ ಬರೆದಿಡಿ.

ವ್ಯಾಪಾರ ನಿಂತ ನಷ್ಟದ ಲೆಕ್ಕ ಒಂದು ಉದಾಹರಣೆಯಲ್ಲಿ ಹೇಳುತ್ತೇನೆ. ನಿಮಗೆ ತಿಂಗಳಿಗೆ 3 ಲಕ್ಷ ಲಾಭ ಅಂದುಕೊಳ್ಳಿ. ಅಂಗಡಿ ಮುಚ್ಚಿದ್ದರೂ ಕೊಡಲೇಬೇಕಾದ ಸಂಬಳ, ಬಾಡಿಗೆ, ಬಡ್ಡಿ ಸೇರಿ 4.2 ಲಕ್ಷ. ಒಟ್ಟು 7.2 ಲಕ್ಷ, ಅಂದರೆ ದಿನಕ್ಕೆ 24,000 ರೂಪಾಯಿ. ಐದು ದಿನ ಎಲ್ಲಾ ನಿಂತರೆ 1,20,000. ಪಾಲಿಸಿಯಲ್ಲಿ 12 ಗಂಟೆ ಕಾಯುವ ಅವಧಿ ಇದ್ದರೆ ಅರ್ಧ ದಿನದ 12,000 ಹೋಯಿತು. ಉಳಿದಿದ್ದು 1,08,000. ಇದರ ಮೇಲೆ 50,000 ಕಡಿತವೂ (ನಷ್ಟದಲ್ಲಿ ನೀವೇ ಭರಿಸಬೇಕಾದ ಪಾಲು) ಇದ್ದರೆ ಕೈಗೆ ಬರುವುದು 58,000. ಇನ್ನು ನಿಮ್ಮ ಸಿಸ್ಟಮ್ ಹತ್ತು ಗಂಟೆಯಲ್ಲಿ ಸರಿಹೋದರೆ ಏನೂ ಬರುವುದಿಲ್ಲ. ಕೆಲವು ಪಾಲಿಸಿಯಲ್ಲಿ ಕಾಯುವ ಅವಧಿಯೇ ಕಡಿತ, ಬೇರೆ ಕಡಿತ ಇರುವುದಿಲ್ಲ. ನಿಮ್ಮದು ಯಾವ ಥರ ಎಂದು ಬರಹದಲ್ಲಿ ಕೇಳಿ.

ಪೆಟ್ಟು ಬಿದ್ದಿದ್ದು ನಿಮಗಲ್ಲ, ನೀವು ಅವಲಂಬಿಸಿದ ಇನ್ನೊಬ್ಬರಿಗೆ ಅಂದರೆ? 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಎಂಬ ಬ್ಯಾಂಕಿಂಗ್ ತಂತ್ರಜ್ಞಾನ ಕಂಪನಿಯ ವ್ಯವಸ್ಥೆಗೆ ರ‍್ಯಾನ್ಸಮ್‌ವೇರ್ ತಗುಲಿತು. ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆ ಅದನ್ನು ಪಾವತಿ ಜಾಲದಿಂದ ಸ್ವಲ್ಪ ಕಾಲ ಬೇರೆ ಮಾಡಿತು. ಸುಮಾರು 300 ಸಣ್ಣ ಬ್ಯಾಂಕ್‌ಗಳ ಗ್ರಾಹಕರಿಗೆ ಯುಪಿಐ, ಎಟಿಎಂ ತೊಂದರೆಯಾಯಿತು. ಅದೇ ತಿಂಗಳ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸೈಬರ್ ಭದ್ರತಾ ಕಂಪನಿಯ ಒಂದು ತಪ್ಪು ಅಪ್‌ಡೇಟ್‌ನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನಿಂತವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸ್ ಕೊಟ್ಟಿದ್ದು ನೆನಪಿರಬಹುದು. ಅದು ದಾಳಿಯೇ ಅಲ್ಲ. ಹಾಗಾಗಿ ಎರಡು ಪ್ರಶ್ನೆ ಕೇಳಬೇಕು. ನನ್ನ ಸರ್ವಿಸ್ ಕೊಡುವವರ ಸಿಸ್ಟಮ್ ನಿಂತರೆ ನನ್ನ ನಷ್ಟ ಕೊಡುತ್ತೀರಾ? ದಾಳಿ ಇಲ್ಲದೆ, ಬರೀ ತಾಂತ್ರಿಕ ದೋಷದಿಂದ ನಿಂತರೂ ಕೊಡುತ್ತೀರಾ? ಕರೆಂಟ್ ಹೋಗಿದ್ದು, ಇಂಟರ್‌ನೆಟ್ ಹೋಗಿದ್ದು ಮಾತ್ರ ಹೆಚ್ಚುಕಮ್ಮಿ ಎಲ್ಲಾ ಪಾಲಿಸಿಯಲ್ಲೂ ಹೊರಗೇ ಇರುತ್ತದೆ.

ಬೇರೆಯವರ ಪರಿಹಾರದ ಭಾಗದಲ್ಲಿ ಈಗ ಮುಖ್ಯವಾದದ್ದು ಗ್ರಾಹಕರ ಮಾಹಿತಿ. ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ. ಮುಖ್ಯ ಹೊಣೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಸಮಯ ಕೊಟ್ಟಿದ್ದಾರೆ. ಮಾಹಿತಿಗೆ ಸರಿಯಾದ ರಕ್ಷಣೆ ಇಡದಿದ್ದರೆ ದಂಡ 250 ಕೋಟಿವರೆಗೂ ಹೋಗಬಹುದು. ಅದು ಗರಿಷ್ಠ ಮಿತಿ, ಸಣ್ಣವರಿಗೆ ಅಷ್ಟು ಹಾಕುತ್ತಾರೆ ಎಂದಲ್ಲ. ಪಾಲಿಸಿಯಲ್ಲಿ 'ಕಾನೂನು ಒಪ್ಪಿದರೆ ಮಾತ್ರ ದಂಡ ಭರಿಸುತ್ತೇವೆ' ಎಂಬ ಮಾತಿರುತ್ತದೆ. ದಂಡದ ಹಣ ವಿಮೆಯಿಂದ ಬರುತ್ತದೆ ಎಂದು ನಂಬಿ ಕೂರಬೇಡಿ. ವಕೀಲರ ಖರ್ಚು, ಗ್ರಾಹಕರಿಗೆ ತಿಳಿಸುವ ಖರ್ಚು ಬರುತ್ತದಾ ಎಂಬುದು ಹೆಚ್ಚು ಕೆಲಸಕ್ಕೆ ಬರುವ ಪ್ರಶ್ನೆ.

ಹೆಜ್ಜೆ 4: ಮೊದಲ ಪುಟದ ಅಂಕಿ ಬಿಟ್ಟು ಒಳಗಿನ ಅಂಕಿ ನೋಡಿ

ಪಾಲಿಸಿ ಜೊತೆ ಬರುವ ಷೆಡ್ಯೂಲ್ ಪುಟದಲ್ಲಿ ಒಂದೊಂದು ಕವರಿಗೆ ಒಂದೊಂದು ಒಳಮಿತಿ ಇರುತ್ತದೆ. ಮೊದಲ ಪುಟದಲ್ಲಿ 1 ಕೋಟಿ ಎಂದಿದ್ದರೂ ನಂಬಿಸಿ ಮಾಡುವ ಮೋಸದ ಕವರಿಗೆ ಒಳಮಿತಿ 10 ಲಕ್ಷ, ಕಡಿತ 1 ಲಕ್ಷ ಎಂದಿರಬಹುದು. ನಿಮ್ಮದು 14 ಲಕ್ಷ ಹೋಯಿತು ಅಂದುಕೊಳ್ಳಿ. ಕಡಿತವನ್ನು ನಷ್ಟದಿಂದ ಕಳೆದರೆ 13 ಲಕ್ಷ ಉಳಿದು, ಮಿತಿಯಂತೆ 10 ಲಕ್ಷ ಸಿಗುತ್ತದೆ. ಮಿತಿಯಿಂದಲೇ ಕಳೆದರೆ ಸಿಗುವುದು 9 ಲಕ್ಷ. ಒಂದೇ ವಾಕ್ಯದ ವ್ಯತ್ಯಾಸಕ್ಕೆ 1 ಲಕ್ಷ. ಮೊದಲ ಹೆಜ್ಜೆಯಲ್ಲಿ ಬರೆದ ಹಾಳೆಯನ್ನು ಈ ಪುಟದ ಪಕ್ಕ ಇಟ್ಟು, ಸಾಲು ಸಾಲಾಗಿ ಹೋಲಿಸಿ.

ಇದೇ ಪುಟದಲ್ಲಿ 'ರೆಟ್ರೋಆಕ್ಟಿವ್ ಡೇಟ್' ಎಂಬ ಒಂದು ದಿನಾಂಕ ಇರಬಹುದು. ಆ ದಿನಕ್ಕಿಂತ ಹಿಂದೆ ಶುರುವಾದ ಘಟನೆಗೆ ಪರಿಹಾರ ಇಲ್ಲ. ಕಳ್ಳರು ಒಳಗೆ ನುಗ್ಗಿ ತಿಂಗಳುಗಟ್ಟಲೆ ಸುಮ್ನೆ ಕೂತಿರುತ್ತಾರೆ, ಅಲ್ವಾ? ಹಾಗಾಗಿ ಈ ದಿನಾಂಕ ಎಷ್ಟು ಹಿಂದೆ ಇದ್ದರೆ ಅಷ್ಟು ಒಳ್ಳೆಯದು. ಪ್ರೀಮಿಯಂ ಮೇಲೆ 18% ಜಿಎಸ್‌ಟಿ ಬೀಳುತ್ತದೆ. ನಿಮಗೆ ಜಿಎಸ್‌ಟಿ ನೋಂದಣಿ ಇದ್ದರೆ ಇನ್‌ಪುಟ್ ಕ್ರೆಡಿಟ್ ಬಗ್ಗೆ ಆಡಿಟರ್ ಹತ್ತಿರ ಮಾತಾಡಿ.

ಹೆಜ್ಜೆ 5: ಏನು ಕೊಡುವುದಿಲ್ಲ ಎಂಬ ಪುಟ

ಓದಲು ಬೇಜಾರಾದರೂ ಓದಿ. ಪಾಲಿಸಿ ತೆಗೆದುಕೊಳ್ಳುವ ಮೊದಲೇ ನಿಮಗೆ ಗೊತ್ತಿದ್ದ ತೊಂದರೆ, ಮಾಲೀಕರೇ ಮಾಡಿದ ಮೋಸ, ಹಳೆಯ ಸಿಸ್ಟಮ್ ಬದಲು ಹೊಸದು ಹಾಕಿಸುವ ಖರ್ಚು ಇವೆಲ್ಲ ಸಾಮಾನ್ಯವಾಗಿ ಹೊರಗೆ. ಯುದ್ಧದಿಂದಾದ ನಷ್ಟ ಕೊಡುವುದಿಲ್ಲ ಎಂಬ ಷರತ್ತು ಒಂದಿದೆ. 2017ರ ಜೂನ್‌ನಲ್ಲಿ ನಾಟ್‌ಪೆಟ್ಯಾ ಎಂಬ ಸೈಬರ್ ದಾಳಿ ಆದಾಗ ಮುಂಬೈ ಹತ್ತಿರದ ಜೆಎನ್‌ಪಿಟಿ ಬಂದರಿನ ಒಂದು ಟರ್ಮಿನಲ್ ಕೂಡ ನಿಂತಿತ್ತು. ಅದೇ ದಾಳಿಯಲ್ಲಿ ನಷ್ಟವಾದ ಅಮೆರಿಕದ ಔಷಧ ಕಂಪನಿ ಮರ್ಕ್‌ಗೆ ವಿಮಾದಾರರು 'ಇದು ಯುದ್ಧದಂಥ ಕೃತ್ಯ' ಎಂದು ಹಣ ನಿರಾಕರಿಸಿದರು. 2023ರಲ್ಲಿ ನ್ಯೂಜೆರ್ಸಿಯ ಮೇಲ್ಮನವಿ ಕೋರ್ಟ್ ಮರ್ಕ್ ಪರ ತೀರ್ಪು ಕೊಟ್ಟಿತು. ಅದೇ ವರ್ಷ ಲಂಡನ್ನಿನ ಲಾಯ್ಡ್ಸ್ ವಿಮಾ ಮಾರುಕಟ್ಟೆ ಸರ್ಕಾರಗಳ ಬೆಂಬಲದ ಸೈಬರ್ ದಾಳಿಯನ್ನು ಹೊರಗಿಡುವ ಬೇರೆಯೇ ಷರತ್ತು ಕಡ್ಡಾಯ ಮಾಡಿತು. ನಿಮ್ಮ ಪಾಲಿಸಿಯಲ್ಲಿ ಆ ಷರತ್ತು ಹೇಗಿದೆ, ದಾಳಿ ಯಾವುದೋ ದೇಶದ್ದು ಎಂದು ಸಾಬೀತು ಮಾಡುವ ಹೊಣೆ ಯಾರದ್ದು ಎಂದು ಕೇಳಿಡಿ.

ಹೆಜ್ಜೆ 6: ಅರ್ಜಿಯನ್ನು ನೀವೇ ತುಂಬಿ

ಏಜೆಂಟ್ 'ನೀವು ಸೈನ್ ಮಾಡಿ ಸಾರ್, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ' ಅನ್ನುತ್ತಾರೆ. ದಯವಿಟ್ಟು ಬೇಡ. ಆ ಅರ್ಜಿಯಲ್ಲಿ ಹತ್ತಿಪ್ಪತ್ತು ಪ್ರಶ್ನೆ ಇರುತ್ತವೆ. ಬ್ಯಾಕಪ್ ಎಷ್ಟು ದಿನಕ್ಕೊಮ್ಮೆ? ಅದು ಬೇರೆ ಕಡೆ ಇದೆಯಾ? ಇಮೇಲ್‌ಗೆ ಪಾಸ್‌ವರ್ಡ್ ಜೊತೆ ಎರಡನೇ ಹಂತದ ಪರಿಶೀಲನೆ ಇದೆಯಾ? ಎಲ್ಲದಕ್ಕೂ 'ಹೌದು' ಟಿಕ್ ಹಾಕಿದರೆ ಪ್ರೀಮಿಯಂ ಕಡಿಮೆಯಾಗುತ್ತದೆ, ಕ್ಲೇಮ್ ದಿನ ಪಾಲಿಸಿಯೇ ಬಿದ್ದುಹೋಗುತ್ತದೆ.

ಅಮೆರಿಕದಲ್ಲಿ 2022ರಲ್ಲಿ ಹೀಗೇ ಆಯಿತು. ಟ್ರಾವೆಲರ್ಸ್ ಎಂಬ ವಿಮಾ ಕಂಪನಿ, ಇಂಟರ್‌ನ್ಯಾಷನಲ್ ಕಂಟ್ರೋಲ್ ಸರ್ವೀಸಸ್ ಎಂಬ ಕಂಪನಿಯ ಪಾಲಿಸಿ ರದ್ದು ಮಾಡಲು ಕೋರ್ಟಿಗೆ ಹೋಯಿತು. ಎರಡು ಹಂತದ ಪರಿಶೀಲನೆ ಬಳಸುತ್ತೇವೆ ಎಂದು ಅರ್ಜಿಯಲ್ಲಿ ಬರೆದಿದ್ದರು, ಆದರೆ ದಾಳಿಯಾದ ಸರ್ವರ್‌ನಲ್ಲಿ ಅದು ಇರಲಿಲ್ಲ ಎಂಬುದು ವಾದ. ಕೊನೆಗೆ ಎರಡೂ ಕಡೆಯವರು ಒಪ್ಪಿ ಪಾಲಿಸಿ ರದ್ದಾಯಿತು. 'ಇಲ್ಲ' ಎಂಬುದು ಇಲ್ಲಿ ಮರ್ಯಾದೆಯ ಉತ್ತರ. ಇಲ್ಲ ಎಂದು ಬರೆದು, ಎರಡು ವಾರದಲ್ಲಿ ಅದನ್ನು ಹಾಕಿಸಿ, ಆಮೇಲೆ ವಿಮಾ ಕಂಪನಿಗೆ ಇಮೇಲ್ ಮಾಡಿ ತಿಳಿಸಿ. ಅರ್ಜಿಯ ನಕಲು ನಿಮ್ಮ ಹತ್ತಿರ ಇರಲಿ.

ಸಾಧ್ಯವಾದರೆ ಬ್ರೋಕರ್ ಮೂಲಕ ಹೋಗಿ. ಏಜೆಂಟ್ ವಿಮಾ ಕಂಪನಿಯ ಪ್ರತಿನಿಧಿ. ಬ್ರೋಕರ್ ಕಾನೂನಿನ ಪ್ರಕಾರ ನಿಮ್ಮ ಕಡೆಯವರು, ನಾಲ್ಕಾರು ಕಂಪನಿಗಳ ಪಾಲಿಸಿ ಹೋಲಿಸಿ ಕೊಡುತ್ತಾರೆ.

ಹೆಜ್ಜೆ 7: ಆ ದಿನ ಬಂದರೆ

ಮೊದಲ ಕರೆ 1930ಕ್ಕೆ. ಇದು ಸೈಬರ್ ಆರ್ಥಿಕ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಹಣ ಇನ್ನೂ ಯಾವುದೋ ಖಾತೆಯಲ್ಲಿ ನಿಂತಿದ್ದರೆ ತಡೆಹಿಡಿಯುವ ಅವಕಾಶ ಮೊದಲ ಕೆಲವು ಗಂಟೆಗಳಲ್ಲೇ ಜಾಸ್ತಿ. ಜೊತೆಯಲ್ಲೇ ಬ್ಯಾಂಕಿಗೆ ಫೋನ್ ಮಾಡಿ, ಇಮೇಲ್ ಕೂಡ ಕಳಿಸಿ. ನೀವು ಮಾಡದ ವ್ಯವಹಾರ ನಿಮ್ಮ ಖಾತೆಯಲ್ಲಿ ನಡೆದು, ತಪ್ಪು ನಿಮ್ಮದೂ ಬ್ಯಾಂಕಿನದೂ ಅಲ್ಲ ಎಂದಾದರೆ, 3 ಕೆಲಸದ ದಿನದೊಳಗೆ ತಿಳಿಸಿದವರ ಹೊಣೆ ಸೊನ್ನೆ ಎಂದು ಆರ್‌ಬಿಐ 2017ರ ಜುಲೈ ಸುತ್ತೋಲೆಯಲ್ಲಿ ಹೇಳಿದೆ. ನೀವೇ ಕಳಿಸಿದ ಹಣಕ್ಕೆ, ಒಟಿಪಿ ಕೊಟ್ಟಿದ್ದಕ್ಕೆ ಈ ರಕ್ಷಣೆ ಸಿಗುವುದಿಲ್ಲ. ದೂರನ್ನು ಆನ್‌ಲೈನ್‌ನಲ್ಲಿ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ಸೈಬರ್ ಅಪರಾಧ ನೋಡುವ ನಿಮ್ಮ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಯಲ್ಲೂ ಕೊಡಬಹುದು. ಕ್ಲೇಮ್‌ಗೆ ದೂರಿನ ಪ್ರತಿ ಕೇಳೇ ಕೇಳುತ್ತಾರೆ.

ಅದೇ ದಿನ ವಿಮಾ ಕಂಪನಿಗೆ ತಿಳಿಸಿ. ಅವರ ಒಪ್ಪಿಗೆ ಇಲ್ಲದೆ ತಜ್ಞರಿಗೆ ದುಡ್ಡು ಕೊಡಬೇಡಿ, ಬೆದರಿಕೆ ಹಾಕಿದವರ ಜೊತೆ ವ್ಯವಹರಿಸಬೇಡಿ, ಗ್ರಾಹಕರಿಗೆ 'ತಪ್ಪು ನಮ್ಮದೇ' ಎಂದು ಬರೆದುಕೊಡಬೇಡಿ. ಈ ಮೂರರಲ್ಲಿ ಯಾವುದು ಮಾಡಿದರೂ ಕ್ಲೇಮ್ ತಿರಸ್ಕರಿಸಲು ಕಾರಣ ಸಿಗುತ್ತದೆ. ಸೈಬರ್ ಭದ್ರತೆ ನೋಡುವ ಕೇಂದ್ರ ಸರ್ಕಾರದ ಸೆರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ 28ರ ಆದೇಶದಂತೆ, ಪಟ್ಟಿಯಲ್ಲಿರುವ ಸೈಬರ್ ಘಟನೆಗಳನ್ನು ಗೊತ್ತಾದ 6 ಗಂಟೆಯೊಳಗೆ ಅವರಿಗೆ ವರದಿ ಮಾಡಬೇಕು. ಸಿಸ್ಟಮ್ ಲಾಗ್‌ಗಳನ್ನು (ಸಿಸ್ಟಮ್‌ನಲ್ಲಿ ಯಾವಾಗ ಏನು ನಡೆಯಿತು ಎಂಬ ದಾಖಲೆ) 180 ದಿನ ಇಟ್ಟುಕೊಂಡಿರಬೇಕು.

ಇನ್ನೊಂದು ಮಾತು, ಇದನ್ನು ಗಟ್ಟಿಯಾಗಿ ಹೇಳಬೇಕು. ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಬೇಡಿ. ವೈರಸ್ ಬಂತು ಅಂದ ತಕ್ಷಣ ಬೀದಿ ಕೊನೆಯ ಕಂಪ್ಯೂಟರ್ ಹುಡುಗನನ್ನು ಕರೆಸಿ ಎಲ್ಲಾ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿಸುವುದು ನಮ್ಮ ಕಡೆ ರೂಢಿ. ಅಲ್ಲಿಗೆ ಸಾಕ್ಷಿ ಪೂರ್ತಿ ಹೋಯಿತು. ನೆಟ್‌ವರ್ಕ್ ಕೇಬಲ್ ಕಿತ್ತು, ವೈಫೈ ಆಫ್ ಮಾಡಿ, ಕಂಪ್ಯೂಟರನ್ನು ಹಾಗೇ ಬಿಡಿ. ಪರದೆಯ ಫೋಟೋವನ್ನು ಮೊಬೈಲಿನಲ್ಲಿ ತೆಗೆಯಿರಿ. ಮೋಸದ ಇಮೇಲನ್ನು ಡಿಲೀಟ್ ಮಾಡಬೇಡಿ.

ಹೆಜ್ಜೆ 8: ಕ್ಲೇಮ್ ತಿರಸ್ಕಾರವಾದರೆ

ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರಹದಲ್ಲಿ ಕೊಡಿ. ತಿರಸ್ಕರಿಸಿದ ಷರತ್ತಿನ ಸಂಖ್ಯೆ ಯಾವುದು ಎಂದು ಕೇಳಿ. ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲೂ ದಾಖಲಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಅನ್ನಿಸದಿದ್ದರೆ, ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್ (ವಿಮೆಯ ದೂರು ಕೇಳಿ ತೀರ್ಮಾನಿಸುವ ಅಧಿಕಾರಿ) ಬಳಿ ಹೋಗಿ. ಕರ್ನಾಟಕದ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಫೀಸ್ ಇಲ್ಲ, ವಕೀಲರೂ ಬೇಕಿಲ್ಲ, 50 ಲಕ್ಷದವರೆಗಿನ ಪರಿಹಾರ ಕೊಡಿಸಬಹುದು. ಆದರೆ ಈ ಬಾಗಿಲು ವ್ಯಾಪಾರಗಳ ಪೈಕಿ ಒಬ್ಬರೇ ಮಾಲೀಕರಿರುವ ಉದ್ದಿಮೆ ಮತ್ತು ಅತಿ ಸಣ್ಣ ಉದ್ದಿಮೆಗಳಿಗೆ ಮಾತ್ರ. 2025ರ ಏಪ್ರಿಲ್‌ನಿಂದ ಹೂಡಿಕೆ 2.5 ಕೋಟಿ, ವಹಿವಾಟು 10 ಕೋಟಿ ಮೀರದಿದ್ದರೆ ಅತಿ ಸಣ್ಣ ಉದ್ದಿಮೆ ಎಂದು ಲೆಕ್ಕ. ಉದ್ಯಮ್ ನೋಂದಣಿ ಪತ್ರ ಇಲ್ಲಿ ಕೆಲಸಕ್ಕೆ ಬರುತ್ತದೆ.

ಅದಕ್ಕಿಂತ ದೊಡ್ಡವರು ಗ್ರಾಹಕ ಆಯೋಗಕ್ಕೆ ಹೋಗಬಹುದು. ವ್ಯಾಪಾರಸ್ಥರು ಕೊಂಡ ವಿಮೆ ಲಾಭ ಮಾಡಲು ಕೊಂಡದ್ದಲ್ಲ, ನಷ್ಟ ತುಂಬಿಕೊಳ್ಳಲು ಕೊಂಡದ್ದು, ಹಾಗಾಗಿ ಅವರೂ ಗ್ರಾಹಕರೇ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹರ್ಸೋಲಿಯಾ ಮೋಟಾರ್ಸ್ ಪ್ರಕರಣದಲ್ಲಿ ಹೇಳಿದೆ.

ನಮ್ಮ ವರ್ಕ್‌ಶಾಪ್‌ನ 6,40,000 ವಾಪಸ್ ಬರಲಿಲ್ಲ. ಮುಂದಿನ ನವೀಕರಣದಲ್ಲಿ ನಂಬಿಸಿ ಮಾಡುವ ಮೋಸದ ಕವರ್ ಸೇರಿಸಿದೆವು. ರೆಟ್ರೋಆಕ್ಟಿವ್ ದಿನಾಂಕ ಹಳೆಯದೇ ಉಳಿಯುವಂತೆ ನೋಡಿಕೊಂಡೆವು. ನೀವು ಕಂಪನಿ ಬದಲಿಸುವಾಗಲೂ ಹೊಸಬರ ಹತ್ತಿರ ಹಳೆಯ ದಿನಾಂಕವನ್ನೇ ಕೇಳಿ ಬರೆಸಿಕೊಳ್ಳಿ. ಅದೇ ಹುಡುಗಿ ಈಗಲೂ ಅಲ್ಲೇ ಅಕೌಂಟ್ಸ್ ನೋಡುತ್ತಾಳೆ. ಅವಳ ಮೇಜಿನ ಮೇಲೆ ಒಂದು ನೀಲಿ ಪುಸ್ತಕ ಇದೆ. ಖಾತೆ ಬದಲಾವಣೆಯ ಪತ್ರ ಬಂದರೆ ಸಪ್ಲೈಯರ್‌ನ ಹಳೆಯ ನಂಬರಿಗೆ ಕರೆ ಮಾಡಿ, ಸಮಯ ಬರೆದು, ಮಾಲೀಕರ ಸಹಿ ಹಾಕಿಸಿದ ಮೇಲೇ ಹಣ ಕಳಿಸುತ್ತಾಳೆ.